ಒಣಹಳ್ಳದ ಫೋಟೋ

ಮಕ್ತಲ್, 2017

ದೊಡ್ಡವ್ವಗ ಮಾಳಮ್ಮನ ಶರಣು.

ಫೋನಿನ್ಯಾಗ ಹೇಳಾಕ ಬಾಯಿ ಬರವಲ್ದು, ಅದಕ್ಕ ಬರೀತೀನಿ. ಡ್ಯಾಮಿನ ನೀರಾಗ ಮುಳುಗಿದ ನಮ್ಮೂರಿನ ಹಳೇ ಫೋಟೋ ಹುಡುಕು ಅಂದ್ರಿ. ಬಾಹ್ಯಾಕಾಶದಿಂದ ತೆಗೆದ ನೆಲದ ಫೋಟೋ ಎಲ್ಲಾರಿಗೂ ಬಿಟ್ಟಿ ತೋರಿಸೋ ವೆಬ್‌ಸೈಟಿನ್ಯಾಗ ಎರಡು ತಾಸು ಹುಡುಕಿದ್ರೂ ಸಿಗಲಿಲ್ಲ. ಅಷ್ಟರಾಗ ಕೆಂಪು ನೆಲ, ಒಣಹಳ್ಳ ಇದ್ದ ಒಂದು ಫೋಟೋ ಬಂತು. “ಇದೇ ನಮ್ಮ ಹಳ್ಳ, ಇಲ್ಲೇ ಬೀರಪ್ಪನ ಗುಡಿ” ಅಂತ ಬೆರಳಿಟ್ಟು ಅತ್ತುಬಿಟ್ರಿ. ಕೆಳಗಿನ ಇಂಗ್ಲಿಷ್ ಸಾಲು ನಾ ಓದಿದ್ದೆ. ಅದನ್ನ ಕತ್ತರಿಸಿ ಪ್ರಿಂಟ್ ಕೊಟ್ಟೆ.

ಈಗ ಅದಕ್ಕ ಕಟ್ಟು ಹಾಕಿಸಿ, ಭಂಡಾರ ಹಚ್ಚಿ, ಹೊಸ ಗುಡಿಯಾಗ ಇಡ್ತಾರಂತ ಅಪ್ಪ ಹೇಳಿದ. ಆದಿತ್ಯವಾರದ ತನಕ ತಡೀರಿ. ನಾನ ಬಂದು ಮಂದಿ ಮುಂದ ಒಪ್ಪಿಕೊಳ್ತೀನಿ.

ಅದು ಮಂಗಳ ಗ್ರಹರೀ, ದೊಡ್ಡವ್ವ. ಆ ಹಳ್ಳದಾಗ ಇವತ್ತಿನ ತನಕ ಒಂದು ಕುರೀನೂ ನೀರು ಕುಡಿದಿಲ್ಲ.

ನಿಮ್ಮ
ಮಾಳಮ್ಮ