ಅಲಾರಂ ಹೊಡೆಯದ ವಾರ

ಜುಲೈ ೧೪, ಸೋಮವಾರ. ಚಿಕ್ಕಬಳ್ಳಾಪುರ.

ಕೋಪಕ್ಕೆ ಊಟ ಸೇರಲಿಲ್ಲ.

ನಮ್ಮ ರೇಷ್ಮೆಗೂಡಿನ ಹರಾಜು ಆಪ್‌ಗೆ ಯಾರೋ ನುಗ್ಗಿ, ಗೂಡಿನಿಂದ ನೂಲು ತೆಗೆಯುವ ಶಿಡ್ಲಘಟ್ಟದ ರೀಲರ್‌ಗಳು ಕೂಗಿದ ಬೆಲೆಗಳನ್ನೇ ತಿದ್ದಿದ್ದಾರೆ. ಬಳಸಿದ್ದು ನನ್ನ ಪಕ್ಕದ ಮೇಜಿನ ಇಫ್ರಾಳ ಪಾಸ್‌ವರ್ಡ್. ಆದ್ದರಿಂದ ಕಳ್ಳಿ ಇಫ್ರಾಳೇ ಎಂದು ನಮ್ಮ ಮ್ಯಾನೇಜರ್ ಶ್ರೀಮಾನ್ ಹರಿಕೃಷ್ಣರು ತೀರ್ಪಿತ್ತರು. "ನಾಳೆಯಿಂದ ಬರ್ಬೇಡಮ್ಮ" ಅಂದರು.

ಲಾಗಿನ್ ಎಲ್ಲಿಂದ ಆಯಿತೆಂದು, ಯಾರು ಯಾವಾಗ ಏನು ಮಾಡಿದರೆಂದು ಬರೆದಿಡುವ ಲಾಗ್‌ಗಳೇ ಹೇಳಬೇಕು. ಕ್ಲೌಡ್‌ನಿಂದ ನಮ್ಮ ಕಾವಲು ಪರದೆಗೆ ಅವು ಹರಿದು ಬರುವುದು ಹೋದ ವಾರವೇ ನಿಂತಿದೆ. ಲಾಗೇ ಬಾರದಿದ್ದರೆ ಅಲಾರಂ ಹೊಡೆಯುವುದೆಲ್ಲಿಂದ? ಪರದೆಯೆಲ್ಲ ಹಸಿರು. "ನೋಡ್ರಪ್ಪ, ಒಂದು ಅಲಾರಂ ಇಲ್ಲ, ಸೆಕ್ಯುರಿಟಿ ಅಂದ್ರೆ ಇದು!" ಎಂದು ಮಹಾಶಯರು ಮೈಸೂರುಪಾಕ್ ಬೇರೆ ಹಂಚಿದ್ದರು.

"ಲಾಗ್ ನಿಲ್ಸಿದ್ದು ಯಾರು ಸಾರ್?" ಎಂದೆ.

"ನಿನ್ ತಮಾಷೆ ಸಾಕು ಕಣಪ್ಪ."

ಇಫ್ರಾ ಟಿಫಿನ್ ಡಬ್ಬಿಯನ್ನು ಚೀಲಕ್ಕೆ ತುರುಕುತ್ತಾ, "ಬಿಡೋ, ನೀನ್ ಹೇಳಿದ್ರೆ ಯಾರ್ ನಂಬ್ತಾರೆ?" ಎಂದಳು. ಅದೇ ಈಗಲೂ ಉರಿಯುತ್ತಿದೆ.

ಸಂಜೆ ಕೂತು ಕೊನೆಗೆ ಬಂದ ಲಾಗನ್ನು ಹುಡುಕಿ ತೆಗೆದೆ. ದಿವಂಗತರ ಕಡೆಯ ಮಾತು ಇಷ್ಟೇ: ರವಾನೆ ನಿಲ್ಲಿಸಲಾಗಿದೆ, ನಿಲ್ಲಿಸಿದವರು ಹರಿಕೃಷ್ಣ. ಅಂದು ಅವರ ಮನೆಯ ಗೃಹಪ್ರವೇಶ. ಹೋಮದ ನಡುವೆ ಅಲಾರಂ ಬಂದು ಫೋನು ಕಿರುಚಬಾರದಲ್ಲ! ಆಮೇಲೆ ಮರೆತರೋ, ಮರೆತಂತೆ ಇದ್ದರೋ.

ಲಾಗ್‌ಗಳಿಗೆ ಭಾವಪೂರ್ಣ ಶ್ರದ್ಧಾಂಜಲಿ ಅರ್ಪಿಸಿ ಆಫೀಸಿನ ಮುಂದೆ ಫ್ಲೆಕ್ಸ್ ಕಟ್ಟಿಸೋಣವೆಂದು ಕೈ ತುರಿಸಿತು. ಬೇಡ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ, ಇಫ್ರಾ ಮಾತ್ರ ಮನೆಯಲ್ಲೇ ಇರುತ್ತಾಳೆ. ನಾಳೆ ಮಾಲೀಕರ ಎದುರು ಆ ಸಾಲನ್ನು ನೆಟ್ಟಗೆ ಓದಿಬಿಡುತ್ತೇನೆ.

ಆದರೆ ನಾನು ಗಂಭೀರವಾಗಿ ಬಾಯಿ ತೆರೆದಾಗಲೆಲ್ಲ ಜನ ನಗಲು ಶುರುಮಾಡುತ್ತಾರೆ. ನಾಳೆ ಒಬ್ಬನೇ ಒಬ್ಬ ನಕ್ಕರೂ ಆ ಸಾಲನ್ನು ಮತ್ತೆ ಮೊದಲಿಂದ ಓದುತ್ತೇನೆ.