ಎಕ್ಸ್ ಅಂದರೆ ಯಾವ ಪಾಲು

ಮಾರ್ಚ್ ೧೨, ಗುರುವಾರ

ಭಾನುವಾರ ಬ್ಯಾಂಕ್ ಪರೀಕ್ಷೆ. ನನ್ನ ವಯಸ್ಸಿಗೆ ಇದೇ ಕೊನೆಯ ಅವಕಾಶ. ಇವತ್ತೂ ಅಭ್ಯಾಸದ ಲೆಕ್ಕದಲ್ಲಿ ಅದೇ ತಪ್ಪು ಮಾಡಿದೆ. ಲಕ್ಷ ರೂಪಾಯಿಯನ್ನು ಎರಡು ಪಾಲು ಮಾಡಿ ಶೇಕಡಾ ಎಂಟಕ್ಕೂ ಹನ್ನೆರಡಕ್ಕೂ ಹೂಡಿದರೆ ವರ್ಷಕ್ಕೆ ಒಂಬತ್ತು ಸಾವಿರ ಬಡ್ಡಿ, ಎಂಟರ ಪಾಲೆಷ್ಟು? ಅದನ್ನೇ ಎಕ್ಸ್ ಅಂದುಕೊಂಡು ಶುರುಮಾಡಿದ್ದೆ. ನಡುವೆ ಪಾಪು ಅತ್ತಿತು. ಹಾಲು ಕುಡಿಸಿ ಬರುವಷ್ಟರಲ್ಲಿ ಮರೆತು, ಬಂದ ಎಪ್ಪತ್ತೈದು ಸಾವಿರವನ್ನು ಹನ್ನೆರಡರ ಪಾಲೆಂದುಕೊಂಡೆ.

ಅತ್ತೆ ನಕ್ಕರು. "ಪರೀಕ್ಷೆ ಹಾಲಲ್ಲಿ ಪಾಪು ಅಳಲ್ಲ ಕಣೇ, ಯಾಕಿಷ್ಟು ಹೆದರ್ತೀಯ?"

ಭಯ ಅದಕ್ಕೇ. ಅಳು ಕೇಳಿಸದಿದ್ದರೆ ನನ್ನ ಕಿವಿ ಅದನ್ನೇ ಹುಡುಕುತ್ತದೆ.

ಮತ್ತೆ ಬಿಡಿಸಲು ಕೂತು ಮೊದಲ ಸಾಲಲ್ಲೇ ದಪ್ಪಗೆ ಬರೆದೆ: ಎಕ್ಸ್ ಅಂದರೆ ಎಂಟರ ಪಾಲು. ತೊಟ್ಟಿಲು ಅಲುಗಿದಂತಾಯಿತು. ಎದ್ದು ನೋಡಿದರೆ ಪಾಪು ಗಾಢ ನಿದ್ದೆಯಲ್ಲಿದೆ. ವಾಪಸು ಬಂದು ಕೂತೆ. ಎಕ್ಸ್ ಅಂದರೆ ಯಾವ ಪಾಲು? ಮೊದಲ ಸಾಲನ್ನು ಮತ್ತೆ ನೋಡಬೇಕಾಯಿತು.