ಬಾಗಿಲು ಹುಡುಕಿದ ಅಂಕಲ್

ನವೆಂಬರ್ 12, ಬುಧವಾರ

ಅಂಕಣ ಕಳಿಸಿದೆ. ಈ ವಾರದ ವಿಷಯ: ನಮ್ಮ ಚಿಕ್ಕಡಪಲ್ಲಿ ಬಡಾವಣೆಯ ಸೊಳ್ಳೆಗಳ ಕರ್ತವ್ಯನಿಷ್ಠೆ. ಇಪ್ಪತ್ತೆರಡು ವರ್ಷದಿಂದ ವಾರಕ್ಕೊಮ್ಮೆ ಜನರನ್ನು ನಗಿಸಿದ್ದೇನೆ. ಸಮಾಜ ಸುಧಾರಿಸಿದ ಲಕ್ಷಣವಿಲ್ಲ. ಸೊಳ್ಳೆಗಳೂ ಅಷ್ಟೆ.

ಬೆಳಿಗ್ಗೆ ಹೆಸರುಕಾಳಿನ ದೋಸೆ, ಪೆಸರಟ್ಟು. ಶೇಷು ತನ್ನ ತಮ್ಮನ ತಟ್ಟೆಗೆ ಮೂರು ಹಾಕಿದಳು, ನನ್ನದಕ್ಕೆ ಎರಡು. ಹೆಂಡತಿಯ ತಮ್ಮ ಸಿನಿಮಾ ನಿರ್ದೇಶಕನಾದರೆ ಗಂಡನಿಗೆ ಆಗುವ ಮೊದಲ ಅನ್ಯಾಯ ಇದು. ಭದ್ರಂ ಒಂದನ್ನೂ ಪೂರ್ತಿ ತಿನ್ನಲಿಲ್ಲ. ಶುಕ್ರವಾರ ರಿಲೀಸು. ಹನ್ನೊಂದು ವರ್ಷ ಯಾರ್ಯಾರದೋ ಸಿನಿಮಾಕ್ಕೆ ಅಸಿಸ್ಟೆಂಟ್ ಆಗಿ ಬಿಸಿಲಲ್ಲಿ ನಿಂತು, ಮೂವತ್ತೆಂಟನೇ ವಯಸ್ಸಿಗೆ ಸ್ವಂತದ್ದು. ಪ್ರೊಡ್ಯೂಸರ್ ಖಡಾಖಂಡಿತ ಹೇಳಿದ್ದಾನಂತೆ. ಎರಡನೇ ಶುಕ್ರವಾರಕ್ಕೆ ಥಿಯೇಟರ್ ಉಳಿದರೆ ಇನ್ನೊಂದು ಸಿನಿಮಾ. ಉಳಿಯದಿದ್ದರೆ ಅವನ ಊರು ಪಾಲಕೊಲ್ಲಿನ ಬಸ್ಸು.

ಸಿನಿಮಾ ಹೆಸರು ‘ಗಡಿಯಾರಂ ವೆನಕಾಲ’, ಅಂದರೆ ಗಡಿಯಾರದ ಹಿಂದೆ. ಗಡಿಯಾರ ರಿಪೇರಿಯವನೊಬ್ಬನಿಗೆ ಗೋಡೆ ಗಡಿಯಾರದ ಹಿಂದಿನಿಂದ ಕೊಲೆಯಾದ ತಮ್ಮನ ಮಾತು ಕೇಳುತ್ತದೆ. ಕೊನೆಗೆ ನೋಡಿದರೆ ತಮ್ಮನೇ ಇರಲಿಲ್ಲ. ಇವನೇ ಕಲ್ಪಿಸಿಕೊಂಡದ್ದು. ಕಥೆ ಭದ್ರಂದು, ಮಾತು ನನ್ನದು. ಪೋಸ್ಟರಿನಲ್ಲಿ ‘ಸಂಭಾಷಣೆ: ಪೇರಿ ವಿಶ್ವಪತಿ’ ಅಂತ ಇದೆ. ಓದಲು ಭೂತಗನ್ನಡಿ ಬೇಕು.

ಕ್ಲೈಮ್ಯಾಕ್ಸಿನಲ್ಲಿ ಡಾಕ್ಟರು ಏಳು ನಿಮಿಷ ಮಾತಾಡುತ್ತಾನೆ. ನನ್ನ ಜೀವಮಾನದ ಗದ್ಯ. ಎಡಿಟಿಂಗಿನಲ್ಲಿ ಭದ್ರಂ, “ಭಾವಾ, ಎರಡು ನಿಮಿಷ ಸಾಕಲ್ವಾ?” ಅಂದಿದ್ದ. ಮೂರು ದಿನ ನಾನು ಅವನ ಜೊತೆ ಊಟಕ್ಕೆ ಕೂರಲಿಲ್ಲ. ಏಳೂ ನಿಮಿಷ ಉಳಿದವು.

ನವೆಂಬರ್ 14, ಶುಕ್ರವಾರ, ಮಧ್ಯಾಹ್ನ 3

ಇದನ್ನು ಯಾರಿಗೂ ಹೇಳುವಂತಿಲ್ಲ. ಆದರೂ ಬರೆದಿಡಬೇಕು.

ಬೆಳಗಿನ ಆಟಕ್ಕೆ ಆರ್‌ಟಿಸಿ ಕ್ರಾಸ್ ರೋಡ್ಸಿನ ಥಿಯೇಟರಿಗೆ ಒಬ್ಬನೇ ಹೋದೆ. ಭದ್ರಂ ಯಾರೂ ಬರಬೇಡಿ ಅಂದಿದ್ದ, ದೃಷ್ಟಿ ಆಗುತ್ತಂತೆ. ಶೇಷು ದೇವರ ಮನೆ ಬಿಟ್ಟು ಏಳಲಿಲ್ಲ. ಹೋದವಾರದ ಪ್ರೆಸ್ ಮೀಟಿನಲ್ಲಿ ನನ್ನ ಮುಖ ಬಂದಿತ್ತು. ಅದಕ್ಕೆ ಮಾಸ್ಕು, ಮಂಕಿ ಕ್ಯಾಪು. ಮುಖ್ಯಮಂತ್ರಿಗಳು ಮಾರುವೇಷದಲ್ಲಿ ಪಡಿತರ ಅಂಗಡಿಗೆ ಹೋದ ಹಾಗೆ. ಜನ ನಮ್ಮ ಸಿನಿಮಾ ಬಗ್ಗೆ ಏನಂತಾರೆ ಕದ್ದು ಕೇಳುವುದು, ಅಷ್ಟೇ ಉದ್ದೇಶ.

ಆಟ ಬಿಟ್ಟಿತು. ಗೇಟಿನಲ್ಲಿ ಹದಿನೈದು ಮೈಕು. ಇಲ್ಲಿ ಸಿನಿಮಾ ನೋಡಿ ಬರುವವನಿಗೆ ಚಪ್ಪಲಿ ಸರಿಮಾಡಿಕೊಳ್ಳುವಷ್ಟೂ ಪುರುಸೊತ್ತು ಕೊಡೋಲ್ಲ, ಅಭಿಪ್ರಾಯ ಕಕ್ಕಬೇಕು. ಒಬ್ಬ ‘ಫಸ್ಟಾಫ್ ಬೆಂಕಿ’ ಅಂದ. ಇನ್ನೊಬ್ಬ ‘ಒಂದ್ಸಲ ನೋಡ್ಬಹುದು, ಐದಕ್ಕೆ ಎರಡೂ ಮುಕ್ಕಾಲು’ ಅಂದ, ತರಕಾರಿ ತೂಗಿದ ಹಾಗೆ. ಒಬ್ಬ ಹೆಂಗಸು ಏನೂ ಹೇಳದೆ ಕಣ್ಣೊರೆಸಿಕೊಂಡು ಹೋದಳು. ಅವಳ ಹಿಂದೆ ಮೈಕು ಹೋಗಲಿಲ್ಲ. ಒಟ್ಟಿನಲ್ಲಿ ಗೆಲ್ಲುವ ಕಳೆ ಇತ್ತು. ದೇವರಾಣೆಗೂ ಇತ್ತು.

ಜಾರಿಕೊಳ್ಳುತ್ತಿದ್ದೆ. ಒಬ್ಬಳು ಹುಡುಗಿ ಮೈಕು ಹಿಡಿದು ಅಡ್ಡ ಬಂದಳು.

“ಅಂಕಲ್, ನೀವೊಂದು ಮಾತು ಹೇಳಿ ಹೋಗಿ. ಸಿನಿಮಾ ಹೇಗಿದೆ?”

ಹೊಗಳಬೇಕೆಂದೇ ಬಾಯಿ ತೆರೆದೆ. ಕೆಮ್ಮು ಬಂತು. ಯಾರೋ ನಕ್ಕರು. ಆ ನಗು ಕಿವಿಗೆ ಬಿತ್ತು ನೋಡು, ನನ್ನ ಹಣೆಬರಹ ಅಲ್ಲೇ ಮುಗಿಯಿತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕಣ್ಣೆದುರು ಜನ ನಕ್ಕಿದ್ದು ಅದೇ ಮೊದಲು. ಅಂಕಣ ಓದಿ ಯಾರು ಎಲ್ಲಿ ನಗುತ್ತಾರೋ ನನಗೆ ಕಂಡಿದ್ದುಂಟೇ.

ಹೇಳಿಬಿಟ್ಟೆ: “ಇಂಟರ್ವಲ್‌ವರೆಗೂ ಕೊಲೆಗಾರ ಎಲ್ಲಿ ಅಂತ ಹುಡುಕಿದೆ ಕಣಮ್ಮ. ಇಂಟರ್ವಲ್ ಆದ್ಮೇಲೆ ಬಾಗಿಲು ಎಲ್ಲಿ ಅಂತ ಹುಡುಕಿದೆ.”

ಗುಂಪು ಘೊಳ್ಳೆಂದಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

“ಕೊನೇಲಿ ಡಾಕ್ಟರ್ ಬಂದು, ಇದೆಲ್ಲ ನಿನ್ನ ಭ್ರಮೆ ಅಂತ ಹೀರೋಗೆ ಹೇಳ್ತಾನೆ. ಟಿಕೆಟ್ ತಗೊಳ್ಳೋವಾಗಲೇ ನಮಗೂ ಯಾರಾದ್ರೂ ಹಾಗೆ ಹೇಳಿದ್ರೆ ಮನೆಗೆ ಹೋಗಿ ಮಲಗ್ತಿದ್ವಿ.”

ಬೆನ್ನು ತಟ್ಟಿದರು. ಸೆಲ್ಫಿ ಕೇಳಿದರು. ಇರಾನಿ ಹೋಟೆಲಿನ ಚಾಯ್ ಬರುವ ತನಕ ಒಳಗೆಲ್ಲ ಬೆಚ್ಚಗಿತ್ತು. ಬಿಸ್ಕತ್ತು ಚಾಯ್‌ಗೆ ಅದ್ದಿದಾಗ ನೆನಪಾಯಿತು — ಅದು ನಮ್ಮ ಸಿನಿಮಾ.

ಅದೇ ದಿನ, ಸಂಜೆ 6

ವಿಡಿಯೋ ಬಂದಿದೆ. ‘ಬಾಗಿಲು ಅಂಕಲ್’ ಅಂತ ಹೆಸರಿಟ್ಟಿದ್ದಾರೆ. ಧ್ವನಿ ಮಾಸ್ಕಿನೊಳಗೆ ಸಿಕ್ಕಿ ಗೊಗ್ಗರಾಗಿದೆ. ನನಗೇ ಗುರುತು ಸಿಗುವುದಿಲ್ಲ. ಹಾಗಂದುಕೊಂಡು ನಾಲ್ಕು ಸಲ ಕೇಳಿದೆ.

ನವೆಂಬರ್ 15, ಶನಿವಾರ

ಆರು ಲಕ್ಷ ಜನ ನೋಡಿದ್ದಾರೆ. ಸಿನಿಮಾ ಅಲ್ಲ, ನನ್ನನ್ನು.

ಕೆಳಗೆ ಅಭಿಪ್ರಾಯಗಳು. ‘ಸಿನಿಮಾಕ್ಕೆ ಒಂದು, ಅಂಕಲ್‌ಗೆ ಐದಕ್ಕೆ ಐದು’. ‘ಅಂಕಲ್ ನಮ್ಮ ಟಿಕೆಟ್ ಉಳಿಸಿದ್ರು, ನೂರ್ಕಾಲ ಬಾಳಲಿ’. ಬಹಳ ಮಂದಿ ಸಿನಿಮಾ ನೋಡದವರೇ. ನೋಡದೆ ಇದ್ದರೆ ಅಭಿಪ್ರಾಯಕ್ಕೆ ಒಂದು ಶುದ್ಧಿ ಇರುತ್ತದೆ. ಒಬ್ಬ ವಿಮರ್ಶಕ ಮೂರು ಕೊಡಬೇಕೆಂದಿದ್ದನೋ ಏನೋ, ‘ಬಾಗಿಲು ಅಂಕಲ್ ಹೇಳಿದಂತೆ’ ಅಂತ ಶುರು ಮಾಡಿ ಎರಡಕ್ಕೆ ಇಳಿಸಿದ್ದಾನೆ.

ಭದ್ರಂ ಬೆಳಗ್ಗೆಯಿಂದ ಥಿಯೇಟರ್ ಹತ್ತಿರವೇ. ಹೊರಗೆ ಬರುವವರನ್ನು ಕೈಮುಗಿದು ಕೇಳುತ್ತಾನಂತೆ, ಹೇಗಿತ್ತು ಅಂತ. ಊಟಕ್ಕೆ ಬಂದವನು ಅಕ್ಕನಿಗೆ ಹೇಳುತ್ತಿದ್ದ. ನಲ್ಗೊಂಡದಿಂದ ಬಂದ ಒಬ್ಬ ಮೇಷ್ಟ್ರು ತಬ್ಬಿಕೊಂಡರಂತೆ. ಸಿನಿಮಾದ ತಾಯಿ ಇಲ್ಲದ ಮಗನಿಗೆಂದು ಖಾಲಿ ಮಣೆಯ ಮುಂದೆ ಎರಡನೇ ತಟ್ಟೆ ಇಡುವ ದೃಶ್ಯಕ್ಕೆ ಹಾಲು ಮಾರುವವನೊಬ್ಬ ಅತ್ತನಂತೆ. ಮಿಕ್ಕವರೆಲ್ಲ ಡಾಕ್ಟರ್ ಬಾಯಿ ತೆರೆಯುವ ಮೊದಲೇ ‘ಬಾಗಿಲು, ಬಾಗಿಲು’ ಅಂತ ಕೂಗುತ್ತಾರಂತೆ. ಕೂಗುವುದಕ್ಕೆಂದೇ ಗುಂಪು ಕಟ್ಟಿಕೊಂಡು ಬಂದವರೂ ಇದ್ದಾರಂತೆ.

“ಅವರೂ ಟಿಕೆಟ್ ತಗೊಂಡಿದ್ದಾರಲ್ಲ ಅಕ್ಕ, ಕೂಗಲಿ ಬಿಡು,” ಅಂದ. ಗೋಂಗೂರ ಸೊಪ್ಪಿನ ಪಚ್ಚಡಿ ಮುಟ್ಟದೆ ತಟ್ಟೆಯಲ್ಲೇ ಇತ್ತು.

ನಾನು ಎರಡನೇ ಸಲ ಅನ್ನ ಬಡಿಸಿಕೊಂಡೆ. ಹೊಟ್ಟೆಗೆ ನಾಚಿಕೆ ಇಲ್ಲ.

ನವೆಂಬರ್ 16, ಭಾನುವಾರ, ಬೆಳಿಗ್ಗೆ

ಭದ್ರಂ ಫೋನ್ ಹಿಡಿದು ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಚಿಕ್ಕವನಿದ್ದಾಗ ಲೆಕ್ಕ ಹೇಳಿಸಿಕೊಳ್ಳಲು ಹೀಗೇ ಕೂರುತ್ತಿದ್ದ. ತಾಯಿ ಹೋದ ಮೇಲೆ ಶೇಷು ಇವನನ್ನು ಸೆರಗಿಗೆ ಕಟ್ಟಿಕೊಂಡೇ ನನ್ನನ್ನು ಮದುವೆಯಾದವಳು.

ಆ ವಿಡಿಯೋ ಹಾಕಿದ. ನನ್ನ ಎದುರಿಗೆ ನಾನು, ಕ್ಯಾಪಿನಲ್ಲಿ.

“ಭಾವಾ, ಯಾವ ಕಡೆಯ ಮಾತು ಇದು? ನಿಮಗೆ ಗೊತ್ತಾಗುತ್ತೆ. ಈ ಮನುಷ್ಯನನ್ನ ಹುಡುಕಬೇಕು.”

ಸಿಕ್ಕರೆ ಏನು ಮಾಡುತ್ತೀ ಅಂತ ಕೇಳಿದೆ. ಹೊಡೆಯುತ್ತಾನೇನೋ ಅನ್ನೋ ಆಸೆ ನನಗೆ.

“ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಂದ್ಸಲ ತೋರಿಸ್ತೀನಿ. ಎಲ್ಲಿ ಎದ್ದು ಹೋಗ್ಬೇಕು ಅನ್ನಿಸ್ತು, ಬೆರಳಿಟ್ಟು ಹೇಳಿ ಸಾರ್ ಅಂತೀನಿ. ಅಷ್ಟೆ.”

ತೆಲಂಗಾಣದ ಕಡೆಯವನಿರಬೇಕು ಅಂದೆ. ಗೋದಾವರಿ ನೀರು ಕುಡಿದ ನಾಲಗೆ ಸುಳ್ಳು ಹೇಳಿತು. ಅವನು ನನ್ನನ್ನು ಸ್ವಲ್ಪ ಹೊತ್ತು ನೋಡಿ, “ಹೌದಾ,” ಅಂತ ಎದ್ದು ಹೋದ.

ಶೇಷು ಅಡುಗೆಮನೆಯಿಂದ ಬಂದು ನಿಂತಳು. ಸೌಟು ಕೈಯಲ್ಲೇ ಇತ್ತು.

“ಆ ಕೆಮ್ಮು ನನಗೆ ಗೊತ್ತಾಗಲ್ವಾ? ಇಪ್ಪತ್ತೊಂಬತ್ತು ವರ್ಷದಿಂದ ಪಕ್ಕದಲ್ಲೇ ಕೇಳ್ತಿದ್ದೀನಿ.”

ನಾನು ಏನೋ ಚಟಾಕಿ ಹಾರಿಸಲು ಹೋದೆ.

“ಬೇಡ. ನಗಿಸ್ಬೇಡಿ. ನೀವಾಗೇ ಅವನಿಗೆ ಹೇಳಿ. ನಾನು ಹೇಳಿದ್ರೆ ಅವನಿಗೆ ಭಾವನೂ ಉಳಿಯಲ್ಲ, ಅಕ್ಕನೂ ಉಳಿಯಲ್ಲ.”

ಒಳಗೆ ಹೋದಳು. ಊಟಕ್ಕೆ ಪುಳಿಹೊರ. ಇವತ್ತು ಹೇಳೋದಿಲ್ಲ. ಭಾನುವಾರ ಬೇಡ.

ನವೆಂಬರ್ 17, ಸೋಮವಾರ

ನಿನ್ನೆ ಹೌಸ್‌ಫುಲ್ ಆಗಬೇಕಿದ್ದ ಆಟಕ್ಕೆ ನಲವತ್ತು ಜನ. ಇವತ್ತು ಮೂರು ಥಿಯೇಟರಿನಿಂದ ತೆಗೆದರು. ಪ್ರೊಡ್ಯೂಸರ್ ಕೊನೆಯ ದಾರಿ ಕೊಟ್ಟಿದ್ದಾನೆ. ಸೆಕೆಂಡಾಫಿನಲ್ಲಿ ಏಳು ನಿಮಿಷ ಕತ್ತರಿಸಿ ‘ಹೊಸ ಆವೃತ್ತಿ’ ಅಂತ ಬಿಡುವುದು. ಗುರುವಾರದವರೆಗೆ ನೋಡುವುದು.

ಏಳು ನಿಮಿಷ. ಲೆಕ್ಕ ಎಷ್ಟು ಸರಿಯಾಗಿದೆ ಅಂದರೆ, ದೇವರಿಗೂ ಒಂದು ಅಂಕಣ ಬರೆಯುವ ಚಟ ಇರಬೇಕು.

ಎಡಿಟಿಂಗ್ ರೂಮಿಗೆ ನನ್ನನ್ನೂ ಕರೆದುಕೊಂಡು ಹೋದ. ಪರದೆಯ ಮೇಲೆ ಎರಡು ದೃಶ್ಯ, ಎರಡೂ ಏಳೇಳು ನಿಮಿಷ. ಒಂದು ನನ್ನ ಡಾಕ್ಟರು. ಇನ್ನೊಂದು ಅವನ ತಾಯಿ. ಸಿನಿಮಾದ ತಾಯಿ, ಆದರೆ ಸೀರೆ ಉಡುವುದು, ತಟ್ಟೆ ಒರೆಸುವುದು ಎಲ್ಲ ನನ್ನ ಅತ್ತೆಯವರದೇ ಅಂತ ಶೇಷು ಹೇಳಿದ್ದಳು. ಒಂದು ಮಾತೂ ಇಲ್ಲ ಆ ದೃಶ್ಯದಲ್ಲಿ. ಆದ್ದರಿಂದ ನನ್ನ ಪಾಲೂ ಇಲ್ಲ.

“ಯಾವುದು ತೆಗೀಲಿ ಭಾವಾ?”

ಎಡಿಟರ್ ಹುಡುಗನ ಕೈ ಡಾಕ್ಟರ ಕಡೆಗೇ ಹೋಗಿ ನಿಂತಿತ್ತು. ನಾನು ‘ಡಾಕ್ಟರನ್ನೇ ತೆಗಿ, ಆ ಅಂಕಲ್ ನಾನೇ’ ಅನ್ನಬೇಕಿತ್ತು. ಐದು ಪದ. ಏಳು ನಿಮಿಷ ಬರೆದವನಿಗೆ ಐದು ಪದ ಬರಲಿಲ್ಲ.

“ನಿರ್ದೇಶಕ ನೀನು. ನಿನ್ನ ಇಷ್ಟ,” ಅಂದೆ.

ತಾಯಿಯನ್ನು ಕತ್ತರಿಸಿದ. ಒಂದೇ ಒತ್ತಿಗೆ ಹೋದಳು.

ನವೆಂಬರ್ 20, ಗುರುವಾರ, ಸಂಜೆ 5

ಎರಡು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ನಡೆಯಲಿಲ್ಲ ಅಂತಲ್ಲ.

ಹೊಸ ಆವೃತ್ತಿ ನೋಡಿದವರ ಅಭಿಪ್ರಾಯ: ‘ಮೊದಲು ನಿಧಾನ ಇತ್ತು, ಈಗ ಅರ್ಥವೂ ಆಗಲ್ಲ.’ ನಲ್ಗೊಂಡದ ಮೇಷ್ಟ್ರು ಹೆಂಡತಿಯನ್ನು ಕರೆದುಕೊಂಡು ಮತ್ತೆ ಬಂದಿದ್ದರಂತೆ. ತಟ್ಟೆಯ ದೃಶ್ಯ ಎಲ್ಲಿ ಹೋಯಿತು ಅಂತ ಗೇಟಿನವನ ಜೊತೆ ಜಗಳವಾಡಿದರಂತೆ. ಬಾಗಿಲು ಅಂಕಲ್‌ಗೆ ಒಂದು ಬಿರಿಯಾನಿ ಹೋಟೆಲಿನವರು ಜಾಹೀರಾತಿಗೆ ಬನ್ನಿ ಅಂತ ಕರೆ ಕೊಟ್ಟಿದ್ದಾರೆ. ನನ್ನ ಪತ್ರಿಕೆಯ ಸಂಪಾದಕರು ಅವನ ಬಗ್ಗೆ ಒಂದು ಅಂಕಣ ಬೇಕು ಅಂದರು.

ಇವತ್ತು ಕೊನೆಯ ಮ್ಯಾಟಿನಿ. ಉಳಿದದ್ದು ಒಂದೇ ಥಿಯೇಟರು. ನಾಳೆಯಿಂದ ಬೇರೆ ಸಿನಿಮಾ, ಆಗಲೇ ಪೋಸ್ಟರಿಗೆ ಅಂಟು ಹಚ್ಚುತ್ತಿದ್ದರು. ಭದ್ರಂ, ನಾನು, ಇನ್ನು ಒಂಬತ್ತು ಜನ. ಡಾಕ್ಟರು ಬಂದ. ಯಾರೂ ಕೂಗಲಿಲ್ಲ. ಕೂಗುವುದಕ್ಕೂ ಜನ ಬೇಕು. ಏಳು ನಿಮಿಷ ಮುಗಿಯುವುದರೊಳಗೆ ನಾಲ್ವರು ಎದ್ದು ಹೋದರು. ನಾನು ನನ್ನ ಮಾತುಗಳನ್ನು ಕೇಳುತ್ತಾ ಕೂತೆ. ಯಾರೋ ಮನೆಗೆ ಬಂದವರು ಏಳದೆ ಕೂತ ಹಾಗಿತ್ತು.

ದೀಪ ಹತ್ತಿತು. ಇವತ್ತು ಹೇಳಲೇಬೇಕು ಅಂತ ಬಂದಿದ್ದೆ. ಗಂಟಲು ಸರಿಮಾಡಿಕೊಂಡೆ.

ಭದ್ರಂ ಪರದೆ ನೋಡುತ್ತಲೇ ಅಂದ: “ಶುಕ್ರವಾರವೇ ಗೊತ್ತಾಯ್ತು ಭಾವಾ. ನಿಮ್ಮ ಧ್ವನೀಲೇ ಮಗ್ಗಿ ಕಲಿತವನು ನಾನು.”

ಮತ್ತೆ ನೀನು ಯಾಕೆ ಭಾನುವಾರ ಕೇಳಿದೆ, ಯಾಕೆ ಸೋಮವಾರ ನನ್ನನ್ನು ಕರೆದುಕೊಂಡು ಹೋದೆ ಅಂತ ಕೇಳಿದೆನೋ, ಕೇಳಬೇಕು ಅಂದುಕೊಂಡೆನೋ.

“ನೀವೇ ತೆಗಿ ಅಂತೀರೇನೋ ಅಂತ ಕಾದೆ. ನಾನಾಗಿ ಡಾಕ್ಟರನ್ನ ಕತ್ತರಿಸಿದ್ರೆ ಸೇಡು ತೀರಿಸ್ಕೊಂಡ ಹಾಗೆ ಆಗ್ತಿತ್ತು. ಅಕ್ಕ ಆಮೇಲೆ ಯಾರ ಮುಖ ನೋಡ್ಬೇಕು?”

ರಾತ್ರಿಯ ಬಸ್ಸಿಗೆ ಪಾಲಕೊಲ್ಲಿಗೆ ಹೊರಡುತ್ತಾನಂತೆ. ಅಲ್ಲಿ ಚಿಕ್ಕಪ್ಪನ ತೆಂಗಿನಕಾಯಿ ಮಂಡಿ ಇದೆ. ಅಕ್ಕನಿಗೆ ಇನ್ನೂ ಹೇಳಿಲ್ಲವಂತೆ.

ಆಮೇಲೆ ನನ್ನ ಕಡೆ ತಿರುಗಿದ. ಕೋಪ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ಈಗ ಯಾರೂ ನಗೋರಿಲ್ಲ. ಹೇಳಿ ಭಾವಾ, ಸಿನಿಮಾ ಹೇಗಿದೆ?”

ಡಬ್ಬಿಂಗೂ ಸೇರಿ ನಾನು ಇದನ್ನು ಐದು ಸಲ ನೋಡಿದ್ದೇನೆ. ಪ್ರತಿ ಸಲವೂ ನನ್ನ ಮಾತು ಬಂದಾಗ ಪಕ್ಕದವರ ಮುಖ ನೋಡಿದ್ದೇನೆ. ಸಿನಿಮಾ ನೋಡಿದ್ದು ಇವತ್ತೇ. ಇವತ್ತು ಅದರಲ್ಲಿ ಆ ತಾಯಿ ಇರಲಿಲ್ಲ. ಆದರೂ, ಕೊನೆಯಲ್ಲಿ ರಿಪೇರಿಯವನು ಗಡಿಯಾರ ಇಳಿಸಿ ಖಾಲಿ ಗೋಡೆಗೆ ಕಿವಿ ಇಡುತ್ತಾನಲ್ಲ, ಆಗ ನನ್ನ ಎದೆ ಹಿಡಿದುಕೊಂಡಿತು. ಅದನ್ನು ಹೇಳಬೇಕಿತ್ತು.

ಬಾಯಿ ತೆರೆದೆ. ಮೊದಲು ಬಂದದ್ದು ಒಂದು ಜೋಕು. ಒಳ್ಳೆಯ ಜೋಕೇ. ನುಂಗಿದೆ. ಅದರ ಹಿಂದೆ ಬಂದದ್ದೂ ಜೋಕೇ. ಭದ್ರಂ ಕಾಯುತ್ತಿದ್ದ. ಕಸ ಗುಡಿಸುವವಳು ಒಂದೊಂದೇ ಸಾಲು ಮುಗಿಸಿಕೊಂಡು ನಮ್ಮ ಸಾಲಿಗೆ ಬಂದಳು.

“ಚೆನ್ನಾಗಿದೆ ಕಣೋ. ತುಂಬಾ ಚೆನ್ನಾಗಿದೆ,” ಅಂದೆ.

ಅವನು ನಕ್ಕ. ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಇದು ಜೋಕಲ್ಲ ಭದ್ರಂ, ನಿಜ ಹೇಳ್ತಿದ್ದೀನಿ ಅನ್ನಲು ಅವನ ತೋಳು ಹಿಡಿದೆ. ಅವನು ಮೆಲ್ಲಗೆ ನನ್ನ ಕೈ ಬಿಡಿಸಿ, ಎದ್ದು ಬಾಗಿಲ ಕಡೆ ನಡೆದ.